ಹಳ್ಳಿ ಶಾಲೆಯ ಮಾಸ್ತರ ಹ್ಯಾರೊಲ್ಡ್ ಯೂರಿ: ಕಲ್ಲು, ನೀರು, ಗಾಳಿಯ ಲೆಕ್ಕ

(ಶಾಲೆಯ ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್)

ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ನಮ್ಮ ಶಾಲೆಯ ಗುರುಗಳನ್ನು ನೆನೆದು ಬರೆಯುವವರು ಬಹಳ ಜನ ಇದ್ದಾರೆ. ಅವರು ನನಗಿಂತ ಚೆನ್ನಾಗಿ ಬರೆಯುತ್ತಾರೆ. ಆದ್ದರಿಂದ ನಾನು ದೂರ ದೇಶದ ಒಬ್ಬ ಶಾಲಾ ಮಾಸ್ತರರ ಕಥೆ ಹೇಳುತ್ತೇನೆ. ಹದಿನೆಂಟರ ಆಸುಪಾಸಿನಲ್ಲಿ ಹಳ್ಳಿ ಶಾಲೆಯಲ್ಲಿ ಪಾಠ ಹೇಳಲು ನಿಂತ ಇವರು ನಲವತ್ತೊಂದನೇ ವಯಸ್ಸಿಗೆ ನೊಬೆಲ್ ಪ್ರಶಸ್ತಿ ಪಡೆದರು. ಹೆಸರು ಹ್ಯಾರೊಲ್ಡ್ ಕ್ಲೇಟನ್ ಯೂರಿ. ಭಾರಜಲದ ಪಾಠ ಓದಿದವರಿಗೆ ಈ ಹೆಸರು ನೆನಪಿರಬಹುದು. ಜೀವದ ಉಗಮದ ಪಾಠದಲ್ಲಿ ಮಿಲ್ಲರ್ ಮತ್ತು ಯೂರಿ ಎಂದು ಜೋಡಿಯಾಗಿ ಬರುತ್ತದೆ. ಇವೆರಡಕ್ಕಿಂತ ನಮ್ಮ ಎರೆಹೊಲಕ್ಕೂ ಕೃಷ್ಣೆಯ ನೀರಿಗೂ ಹತ್ತಿರವಾದ ಕೆಲಸ ಅವರದು ಇನ್ನೊಂದಿದೆ. ಕಲ್ಲು ಸವೆಯುವುದಕ್ಕೂ ನಾವು ಉಸಿರಾಡುವ ಗಾಳಿಗೂ ಇರುವ ಸಂಬಂಧವನ್ನು ಅವರು ಒಂದೇ ಸಾಲಿನ ಸಮೀಕರಣದಲ್ಲಿ ಬರೆದಿಟ್ಟರು.

ಯೂರಿ ಹುಟ್ಟಿದ್ದು 1893ರ ಏಪ್ರಿಲ್ 29ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ವಾಕರ್‌ಟನ್ ಎಂಬ ಸಣ್ಣ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್ ಶಾಲಾ ಶಿಕ್ಷಕರು, ಜೊತೆಗೆ ಬ್ರದರನ್ ಎಂಬ ಕ್ರೈಸ್ತ ಪಂಥದ ಬೋಧಕರು. ಆ ಪಂಥದವರು ಯುದ್ಧವನ್ನು ಒಪ್ಪುವವರಲ್ಲ. ತಂದೆಗೆ ಕ್ಷಯರೋಗ ಬಂತು. ಹವೆ ಬದಲಾದರೆ ವಾಸಿಯಾದೀತೆಂದು ಕುಟುಂಬ ಕ್ಯಾಲಿಫೋರ್ನಿಯಾಕ್ಕೆ ಹೋಯಿತು, ಗುಣ ಕಾಣದೆ ತಾಯಿಯ ತವರಿಗೆ ಮರಳಿತು. ಹ್ಯಾರೊಲ್ಡ್‌ಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಕೋರಾ, ಒಬ್ಬ ತಮ್ಮ, ಒಬ್ಬ ತಂಗಿ, ಒಂದಿಷ್ಟು ಹೊಲ. ಮುಂದೆ ತಾಯಿ ಮರುಮದುವೆಯಾದರು. ಹುಡುಗ ಹಳ್ಳಿಯ ಶಾಲೆಯಲ್ಲಿ ಓದಿ ಕೆಂಡಲ್‌ವಿಲ್ ಎಂಬ ಊರಿನ ಹೈಸ್ಕೂಲಿಗೆ ಹೋದ. 1911ರಲ್ಲಿ ಹೈಸ್ಕೂಲು ಮುಗಿಯಿತು. ಕಾಲೇಜಿಗೆ ದುಡ್ಡಿಲ್ಲ. ಶಿಕ್ಷಕರ ಪ್ರಮಾಣಪತ್ರ ಪಡೆದು ಇಂಡಿಯಾನಾದ ಒಂದು ಸಣ್ಣ ಶಾಲೆಗೆ ಮಾಸ್ತರನಾಗಿ ಸೇರಿದ.

ಆಮೇಲೆ ತಾಯಿಯ ಕುಟುಂಬ ಹೋದ ಮೊಂಟಾನಾ ರಾಜ್ಯಕ್ಕೆ ಹೋಗಿ ಅಲ್ಲಿಯೂ ಹಳ್ಳಿ ಶಾಲೆಗಳಲ್ಲಿ, ಒಂದು ಗಣಿ ಕಾರ್ಮಿಕರ ಕ್ಯಾಂಪಿನಲ್ಲಿ ಪಾಠ ಹೇಳಿದರು. ಅವರು ಉಳಿದುಕೊಂಡಿದ್ದ ಮನೆಯ ಮಗ ಕಾಲೇಜಿಗೆ ಹೋಗುತ್ತೇನೆಂದು ಹೊರಟ. ಅದನ್ನು ನೋಡಿ ತಾವೂ ಹೋಗಬಹುದಲ್ಲ ಎಂದು ಯೂರಿಗೆ ಅನ್ನಿಸಿತಂತೆ. ಆ ಹುಡುಗ ಹೊರಡದೇ ಇದ್ದಿದ್ದರೆ ಯೂರಿ ನಿವೃತ್ತಿಯವರೆಗೂ ಗಣಿ ಕ್ಯಾಂಪಿನ ಮಾಸ್ತರರಾಗಿಯೇ ಇರುತ್ತಿದ್ದರೇನೋ. ಅದೇನೂ ಸಣ್ಣ ಕೆಲಸವಲ್ಲ, ಆದರೆ ಈ ಲೇಖನ ಇರುತ್ತಿರಲಿಲ್ಲ.

1914ರಲ್ಲಿ ಮೊಂಟಾನಾ ವಿಶ್ವವಿದ್ಯಾಲಯ ಸೇರಿದಾಗ ಅವರಿಗೆ ಇಪ್ಪತ್ತೊಂದು ವರ್ಷ. ಬಾಡಿಗೆ ಉಳಿಸಲು ಡೇರೆಯಲ್ಲಿ ಮಲಗಿದರು, ಡೇರೆಯಲ್ಲೇ ಓದಿದರು. ಬೇಸಿಗೆ ರಜೆಯಲ್ಲಿ ರೈಲ್ವೆ ಹಳಿ ಕೆಲಸ. ಮೂರೇ ವರ್ಷಕ್ಕೆ ಪದವಿ ಮುಗಿಸಿದರು. ವಿಷಯ ರಸಾಯನಶಾಸ್ತ್ರವಲ್ಲ, ಪ್ರಾಣಿಶಾಸ್ತ್ರ. ಮೊದಲ ಸಂಶೋಧನೆ ಅಲ್ಲಿನ ನದಿಯ ಹಿನ್ನೀರಿನ ಏಕಕೋಶ ಜೀವಿಗಳ ಮೇಲೆ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಯುದ್ಧ ಬೇಡವೆನ್ನುವ ಮನೆತನದ ಹುಡುಗ ಸೈನ್ಯಕ್ಕೆ ಸೇರಲಿಲ್ಲ. ಒಬ್ಬ ಪ್ರಾಧ್ಯಾಪಕರ ಸಲಹೆಯಂತೆ ಫಿಲಡೆಲ್ಫಿಯಾದ ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ ಹಿಡಿದರು. ಅಲ್ಲಿ ತಯಾರಾಗುತ್ತಿದ್ದದ್ದು ಟಿ.ಎನ್.ಟಿ. ಸ್ಫೋಟಕ. ಬಂದೂಕು ಹಿಡಿಯದೆ ಮದ್ದು ಅರೆಯುವ ಈ ಇಕ್ಕಟ್ಟು ಅವರ ಜೀವನದಲ್ಲಿ ಇನ್ನೂ ದೊಡ್ಡದಾಗಿ ಮತ್ತೊಮ್ಮೆ ಬಂತು.

ಯುದ್ಧ ಮುಗಿದ ಮೇಲೆ ಮೊಂಟಾನಾದಲ್ಲೇ ರಸಾಯನಶಾಸ್ತ್ರದ ಉಪನ್ಯಾಸಕರಾಗಿ, ನಂತರ ಬರ್ಕ್ಲಿಯಲ್ಲಿ ಗಿಲ್ಬರ್ಟ್ ಲೂಯಿಸ್ ಅವರ ಬಳಿ 1923ರಲ್ಲಿ ಪಿಎಚ್.ಡಿ. ಮುಗಿಸಿದರು. ಒಂದು ವರ್ಷ ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಅವರ ಸಂಸ್ಥೆಯಲ್ಲಿದ್ದರು. 1926ರಲ್ಲಿ ಫ್ರೀಡಾ ಡಾಮ್ ಅವರನ್ನು ಮದುವೆಯಾದರು. 1929ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದರು.

ಇಲ್ಲಿ ಅವರಿಗೆ ಹೆಸರು ತಂದ ಕೆಲಸ ನಡೆಯಿತು. ಜಲಜನಕದ ಪರಮಾಣುಗಳಲ್ಲಿ ಎರಡರಷ್ಟು ತೂಕದ ಒಂದು ಬಗೆ ಇರಬೇಕು ಎಂಬ ಊಹೆ. ದ್ರವ ಜಲಜನಕವನ್ನು ನಿಧಾನವಾಗಿ ಆವಿಯಾಗಲು ಬಿಟ್ಟರೆ ಹಗುರವಾದದ್ದು ಮೊದಲು ಹಾರಿಹೋಗುತ್ತದೆ, ಭಾರವಾದದ್ದು ತಳದಲ್ಲಿ ಹೆಚ್ಚು ಉಳಿಯುತ್ತದೆ. ವಾಷಿಂಗ್ಟನ್‌ನಲ್ಲಿ ಫರ್ಡಿನಾಂಡ್ ಬ್ರಿಕ್‌ವೆಡ್ ಈ ಕೆಲಸ ಮಾಡಿ ಮಾದರಿ ಕಳಿಸಿದರು. ಮೊದಲ ಮಾದರಿಯಲ್ಲಿ ಹೆಚ್ಚಿನದೇನೂ ಸಿಗಲಿಲ್ಲ. ಇನ್ನಷ್ಟು ತಣ್ಣಗೆ ಮಾಡಿ ಎರಡನೆಯದನ್ನು ಕಳಿಸಿದರು. 1931ರ ಕೊನೆಯಲ್ಲಿ, ಅಮೆರಿಕನ್ನರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಲೆಕ್ಕ ಹೇಳಿದ ಜಾಗದಲ್ಲೇ ರೋಹಿತದ ಗೆರೆ ಕಾಣಿಸಿತು. ಅದಕ್ಕೆ ಡ್ಯೂಟೀರಿಯಂ ಎಂದು ಹೆಸರಿಟ್ಟರು. ಪ್ರಕೃತಿಯಲ್ಲಿ ಸುಮಾರು 6,400 ಜಲಜನಕ ಪರಮಾಣುಗಳಿಗೆ ಒಂದು ಇಂಥದು. ನಮ್ಮ ರಾಜ್ಯದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಬಳಸುವ ಭಾರಜಲ ಈ ಡ್ಯೂಟೀರಿಯಂನ ನೀರೇ.

1934ರ ರಸಾಯನಶಾಸ್ತ್ರದ ನೊಬೆಲ್ ಯೂರಿ ಒಬ್ಬರಿಗೇ ಬಂತು. ಹೆಂಡತಿ ತುಂಬು ಗರ್ಭಿಣಿ ಎಂದು ಅವರು ಡಿಸೆಂಬರಿನ ಸಮಾರಂಭಕ್ಕೆ ಹೋಗಲೇ ಇಲ್ಲ, ಮಗಳು ಹುಟ್ಟಿದ ಮೇಲೆ ಮುಂದಿನ ವರ್ಷ ಹೋಗಿ ಉಪನ್ಯಾಸ ಕೊಟ್ಟು ಬಂದರು. ಬಹುಮಾನದ ಹಣದಲ್ಲಿ ಕಾಲು ಭಾಗ ಬ್ರಿಕ್‌ವೆಡ್ ಅವರಿಗೆ, ಕಾಲು ಭಾಗ ಸಹಾಯಕ ಜಾರ್ಜ್ ಮರ್ಫಿಗೆ ಕೊಟ್ಟರು. ಇನ್ನೊಂದು ಅನುದಾನ ಬಂದಾಗ ಅದರ ಅರ್ಧವನ್ನು ಅದೇ ಕಾಲೇಜಿನ ಭೌತಶಾಸ್ತ್ರಜ್ಞ ಇಸಿಡೋರ್ ರಾಬಿಗೆ ಕೊಟ್ಟರು. ರಾಬಿಗೂ ಮುಂದೆ 1944ರಲ್ಲಿ ನೊಬೆಲ್ ಬಂತು. ಡೇರೆಯಲ್ಲಿ ಮಲಗಿ ಓದಿದವರಿಗೆ ಹಣದ ಬೆಲೆ ಗೊತ್ತಿರಲಿಲ್ಲ ಎಂದು ಯಾರೂ ಹೇಳಲಾರರು.

ಎರಡನೇ ಮಹಾಯುದ್ಧದಲ್ಲಿ ಮತ್ತೆ ಅದೇ ಇಕ್ಕಟ್ಟು ಬಂತು. ಸಮಸ್ಥಾನಿಗಳನ್ನು ಬೇರ್ಪಡಿಸುವುದರಲ್ಲಿ ಯೂರಿಗಿಂತ ದೊಡ್ಡ ತಜ್ಞರು ಇರಲಿಲ್ಲ. ಅಣುಬಾಂಬಿಗೆ ಬೇಕಾದ ಯುರೇನಿಯಂ ಬೇರ್ಪಡಿಸುವ ವಿಧಾನ ಹುಡುಕಲು ಕೊಲಂಬಿಯಾದಲ್ಲಿ ನಡೆದ ದೊಡ್ಡ ಪ್ರಯೋಗಾಲಯಕ್ಕೆ ಅವರೇ ನಿರ್ದೇಶಕರು. ಯುದ್ಧ ಮುಗಿದ ಕೂಡಲೇ ಬಾಂಬಿನ ಕೆಲಸ ಬಿಟ್ಟು ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ಐನ್‌ಸ್ಟೈನ್ ಅಧ್ಯಕ್ಷರಾಗಿದ್ದ ಅಣುವಿಜ್ಞಾನಿಗಳ ತುರ್ತು ಸಮಿತಿಯಲ್ಲಿ ಸೇರಿ ಅಣ್ವಸ್ತ್ರಗಳ ವಿರುದ್ಧ ಊರೂರಿಗೆ ಹೋಗಿ ಮಾತನಾಡಿದರು. 1953ರಲ್ಲಿ ಬೇಹುಗಾರಿಕೆಯ ಆರೋಪದ ಮೇಲೆ ರೋಸೆನ್‌ಬರ್ಗ್ ದಂಪತಿಗೆ ಮರಣದಂಡನೆಯಾದಾಗ, ಸಾಕ್ಷ್ಯ ಸರಿಯಿಲ್ಲವೆಂದು ಬಹಿರಂಗವಾಗಿ ಬರೆದರು, ಅಧ್ಯಕ್ಷರಿಗೂ ಮನವಿ ಮಾಡಿದರು. ಆ ಕಾಲದ ಅಮೆರಿಕದಲ್ಲಿ ಹಾಗೆ ಮಾಡುವುದು ಸುಲಭವಾಗಿರಲಿಲ್ಲ. ದಂಡನೆ ನಿಲ್ಲಲಿಲ್ಲ.

ಶಿಕಾಗೋದಲ್ಲಿ ಅವರ ಕೆಲಸ ಬಾಂಬಿನಿಂದ ಚಿಪ್ಪಿಗೆ ತಿರುಗಿತು. ಸಮುದ್ರದ ಜೀವಿಗಳು ಸುಣ್ಣದ ಚಿಪ್ಪು ಕಟ್ಟುವಾಗ ನೀರಿನ ಆಮ್ಲಜನಕವನ್ನು ಬಳಸುತ್ತವೆ. ಆಮ್ಲಜನಕದಲ್ಲೂ ಹಗುರ, ಭಾರ ಎರಡು ಬಗೆ ಇವೆ. ನೀರು ತಣ್ಣಗಿದ್ದರೆ ಚಿಪ್ಪಿನಲ್ಲಿ ಭಾರದ ಬಗೆ ಸ್ವಲ್ಪ ಹೆಚ್ಚು ಸೇರುತ್ತದೆ, ಬೆಚ್ಚಗಿದ್ದರೆ ಕಡಿಮೆ. ಈ ವ್ಯತ್ಯಾಸವನ್ನು ಯೂರಿ 1947ರಲ್ಲಿ ಲೆಕ್ಕ ಹಾಕಿ ಪ್ರಕಟಿಸಿದರು. ಸತ್ತು ಕಲ್ಲಾದ ಚಿಪ್ಪೂ ಹಾಗಾದರೆ ಒಂದು ಥರ್ಮಾಮೀಟರ್. ವ್ಯತ್ಯಾಸ ಬಹಳ ಸಣ್ಣದು, ಅಳೆಯುವ ಯಂತ್ರವನ್ನೇ ಹೊಸದಾಗಿ ಸುಧಾರಿಸಬೇಕಾಯಿತು. ಅದಕ್ಕೆ ವರ್ಷಗಳು ಹಿಡಿದವು. 1951ರಲ್ಲಿ ಯೂರಿ ಮತ್ತು ಸಂಗಡಿಗರು ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಒಂದು ಬೆಲೆಮ್ನೈಟ್ ಪಳೆಯುಳಿಕೆಯನ್ನು ಪದರ ಪದರವಾಗಿ ಕೆರೆದು ಅಳೆದರು. ಅದು ಕಣವೆ ಮೀನಿನ ಜಾತಿಗೆ ಹತ್ತಿರದ, ಡೈನೋಸಾರುಗಳ ಕಾಲದ ಪ್ರಾಣಿ. ಎಳೆತನ ಕಳೆದ ಮೇಲೆ ಅದು ಮೂರು ಬೇಸಿಗೆ, ನಾಲ್ಕು ಚಳಿಗಾಲ ಕಂಡು, ಸುಮಾರು ನಾಲ್ಕನೇ ವಯಸ್ಸಿನಲ್ಲಿ ವಸಂತಕಾಲದಲ್ಲಿ ಸತ್ತಿತ್ತು ಎಂದು ತಿಳಿಯಿತು. ಹತ್ತಾರು ಕೋಟಿ ವರ್ಷದ ಹಿಂದೆ ಸತ್ತ ಪ್ರಾಣಿಯ ಜಾತಕ! ವಿಜ್ಞಾನದಲ್ಲಿ ನಾನು ಓದಿದ ಫಲಿತಾಂಶಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು.

ಚಿಪ್ಪಿನ ಸುಣ್ಣ ಎಲ್ಲಿಂದ ಬಂತು ಎಂದು ಕೇಳಿದರೆ ನಾವು ನದಿಗೆ ಬರುತ್ತೇವೆ, ನದಿಯಿಂದ ಬೆಟ್ಟಕ್ಕೆ.

ಮಳೆಹನಿ ಬೀಳುವಾಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಸ್ವಲ್ಪ ಕರಗಿಸಿಕೊಳ್ಳುತ್ತದೆ. ಆಗ ಅದು ಬಹಳ ತೆಳುವಾದ ಸೋಡಾ ನೀರು, ಅಂದರೆ ದುರ್ಬಲ ಕಾರ್ಬಾನಿಕ್ ಆಮ್ಲ. ಮಣ್ಣಿಗೆ ಇಳಿದ ಮೇಲೆ ಬೇರು ಮತ್ತು ಸೂಕ್ಷ್ಮಜೀವಿಗಳ ಉಸಿರು ಸೇರಿ ಅದರ ಹುಳಿ ಇನ್ನೂ ಹೆಚ್ಚುತ್ತದೆ. ಈ ನೀರು ಕಲ್ಲನ್ನು ತಿನ್ನುತ್ತದೆ. ಏಳನೇ ಎಂಟನೇ ತರಗತಿಯಲ್ಲಿ ಶಿಥಿಲೀಕರಣ ಎಂದು ನಾವು ಬಾಯಿಪಾಠ ಮಾಡಿದ್ದು ಇದನ್ನೇ. ಬಸಾಲ್ಟ್, ಗ್ರಾನೈಟ್‌ನಂತಹ ಸಿಲಿಕೇಟ್ ಕಲ್ಲುಗಳಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡಿಸಿಕೊಂಡು ಬರುತ್ತವೆ. ಉಳಿದದ್ದು ಜೇಡಿಮಣ್ಣಾಗುತ್ತದೆ. ಗಾಳಿಯಿಂದ ಬಂದ ಇಂಗಾಲ ಬೈಕಾರ್ಬೊನೇಟ್ ರೂಪದಲ್ಲಿ ನೀರಿನೊಳಗೆ ಉಳಿಯುತ್ತದೆ. ಕಣ್ಣಿಗೆ ಕಾಣುವುದಿಲ್ಲ, ರುಚಿಗೆ ಅಷ್ಟಾಗಿ ತಿಳಿಯುವುದಿಲ್ಲ. ಬೋರ್‌ವೆಲ್ ನೀರು ಕಾಸುವ ಹಂಡೆಯ ಒಳಗೆ ಕೂಡುವ ಬಿಳಿ ಪೊರೆ ನೆನಪಿಸಿಕೊಳ್ಳಿ. ನೀರು ಕಾದಾಗ ಬೈಕಾರ್ಬೊನೇಟ್ ಒಡೆದು, ಅರ್ಧ ಇಂಗಾಲ ಗಾಳಿಗೆ ಹೋಗಿ, ಅರ್ಧ ಸುಣ್ಣವಾಗಿ ಹಂಡೆಗೆ ಅಂಟುತ್ತದೆ.

ಸಮುದ್ರದಲ್ಲಿ ಇದೇ ಕೆಲಸ ಬೆಂಕಿಯಿಲ್ಲದೆ ನಡೆಯುತ್ತದೆ. ಚಿಪ್ಪಿನ ಜೀವಿಗಳು, ಹವಳಗಳು, ಕಣ್ಣಿಗೆ ಕಾಣದ ತೇಲುಜೀವಿಗಳು ನದಿ ತಂದ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ಸೇರಿಸಿ ಕ್ಯಾಲ್ಸಿಯಂ ಕಾರ್ಬೊನೇಟ್ ಚಿಪ್ಪು ಕಟ್ಟುತ್ತವೆ. ಸತ್ತ ಮೇಲೆ ಚಿಪ್ಪು ತಳಕ್ಕೆ ಇಳಿದು ಕಾಲಾಂತರದಲ್ಲಿ ಸುಣ್ಣದ ಕಲ್ಲಾಗುತ್ತದೆ. ಲೆಕ್ಕ ಹೀಗಿದೆ: ಸಿಲಿಕೇಟ್ ಕಲ್ಲನ್ನು ಕರಗಿಸಿ ಒಂದು ಕ್ಯಾಲ್ಸಿಯಂ ಹೊರತರಲು ಗಾಳಿಯಿಂದ ಎರಡು ಇಂಗಾಲದ ಡೈಆಕ್ಸೈಡ್ ಜಮೆಯಾಗುತ್ತವೆ. ಚಿಪ್ಪು ಕಟ್ಟುವಾಗ ಒಂದು ವಾಪಸ್ಸು ಹೋಗುತ್ತದೆ, ಇನ್ನೊಂದು ಕಲ್ಲಿನಲ್ಲಿ ಉಳಿಯುತ್ತದೆ. ಕರಗಿದ ಕಲ್ಲು ಸುಣ್ಣದ ಕಲ್ಲೇ ಆಗಿದ್ದರೆ, ಗಾಳಿಯಿಂದ ಬಂದದ್ದು ಒಂದೇ, ವಾಪಸ್ಸು ಹೋಗುವುದೂ ಒಂದೇ. ಬಾಕಿ ಶೂನ್ಯ. ಆದ್ದರಿಂದ ನದಿಯಲ್ಲಿ ಬೈಕಾರ್ಬೊನೇಟ್ ಎಷ್ಟಿದೆ ಎಂದು ಅಳೆದರೆ ಸಾಲದು, ಅದು ಯಾವ ಕಲ್ಲಿನಿಂದ ಬಂತು ಎಂಬುದೇ ಮುಖ್ಯ.

1951ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಕೊಟ್ಟ ಉಪನ್ಯಾಸಗಳನ್ನು ಯೂರಿ ಮರುವರ್ಷ ಗ್ರಹಗಳ ಕುರಿತ ಪುಸ್ತಕವಾಗಿ ತಂದರು. ಮೇಲಿನ ಇಡೀ ಕಥೆ ಅದರಲ್ಲಿ ಒಂದೇ ಸಾಲಿಗೆ ಇಳಿದಿದೆ. ಕ್ಯಾಲ್ಸಿಯಂ ಸಿಲಿಕೇಟ್ ಮತ್ತು ಇಂಗಾಲದ ಡೈಆಕ್ಸೈಡ್ ಸೇರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಸಿಲಿಕಾ. ಇದನ್ನು ಇಂದಿಗೂ ಯೂರಿ ಕ್ರಿಯೆ ಎಂದು ಕರೆಯುತ್ತಾರೆ. ಅವರು ಎತ್ತಿದ ಪ್ರಶ್ನೆ ದೊಡ್ಡದು: ಭೂಮಿಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಷ್ಟು ಕಡಿಮೆ ಏಕಿದೆ? ಉತ್ತರ, ಅದೆಲ್ಲ ಕಲ್ಲಿನೊಳಗೆ ಹೋಗಿ ಕೂತಿದೆ. ಈ ಕ್ರಿಯೆಗೆ ನೀರು ಬೇಕೇ ಬೇಕು, ಒಣ ಗಾಳಿಯಲ್ಲಿ ಕಲ್ಲು ಸುಮ್ಮನೆ ಕೂತಿರುತ್ತದೆ. ಶುಕ್ರ ಗ್ರಹದ ಗಾಳಿಯಲ್ಲಿ ಶೇಕಡಾ 96ರಷ್ಟು ಇಂಗಾಲದ ಡೈಆಕ್ಸೈಡ್ ಇದೆ, ಒತ್ತಡ ನಮ್ಮದಕ್ಕಿಂತ ಸುಮಾರು 90 ಪಟ್ಟು, ಬಿಸಿ 460 ಡಿಗ್ರಿಗೆ ಹತ್ತಿರ. ಭೂಮಿಯ ಸುಣ್ಣದ ಕಲ್ಲುಗಳಲ್ಲಿರುವ ಇಂಗಾಲವನ್ನೆಲ್ಲ ಬಿಡಿಸಿ ಗಾಳಿಗೆ ಬಿಟ್ಟರೆ ನಮ್ಮಲ್ಲೂ ಆಗುವುದು ಹೆಚ್ಚುಕಡಿಮೆ ಅಷ್ಟೇ. ಎರಡು ಗ್ರಹಗಳ ಬಂಡವಾಳ ಒಂದೇ. ಒಂದು ಅದನ್ನು ಕಲ್ಲಿನಲ್ಲಿ ಹೂತಿಟ್ಟಿತು, ಇನ್ನೊಂದಕ್ಕೆ ಹೂಳಲು ನೀರಿರಲಿಲ್ಲ.

ಇಲ್ಲೊಂದು ನ್ಯಾಯದ ಮಾತು ಹೇಳಬೇಕು. ಯೂರಿಗಿಂತ ನೂರು ವರ್ಷ ಮೊದಲೇ, 1845ರಲ್ಲಿ, ಫ್ರಾನ್ಸಿನ ಗಣಿ ಎಂಜಿನಿಯರ್ ಝಾಕ್ ಜೋಸೆಫ್ ಎಬೆಲ್‌ಮೆನ್ ಈ ಕ್ರಿಯೆಯನ್ನು ಬರೆದಿಟ್ಟಿದ್ದರು. ಜ್ವಾಲಾಮುಖಿ ಇಂಗಾಲ ಕೊಡುತ್ತದೆ, ಕಲ್ಲು ಸವೆಯುವಾಗ ಅದನ್ನು ಹಿಂದಕ್ಕೆ ಪಡೆಯುತ್ತದೆ ಎಂಬುದೂ ಅವರಿಗೆ ತಿಳಿದಿತ್ತು. ಸೆವ್ರ್ ಎಂಬಲ್ಲಿನ ಪಿಂಗಾಣಿ ಕಾರ್ಖಾನೆಯ ನಿರ್ದೇಶಕರಾಗಿದ್ದ ಅವರು 1852ರಲ್ಲಿ ಮೂವತ್ತೇಳು ವರ್ಷಕ್ಕೇ ತೀರಿಕೊಂಡರು. ಅವರ ಬರಹ ಕಪಾಟಿನಲ್ಲಿ ಉಳಿಯಿತು. ಸ್ವೀಡನ್ನಿನ ಹೋಗ್‌ಬೊಮ್ 1894ರಲ್ಲಿ ಇದೇ ದಾರಿಯಲ್ಲಿ ಯೋಚಿಸಿದರು. ಎಬೆಲ್‌ಮೆನ್ ಹೆಸರನ್ನು ಭೂರಸಾಯನ ವಿಜ್ಞಾನಿಗಳು ಮತ್ತೆ ಹೊರತೆಗೆದದ್ದು 1990ರ ದಶಕದಲ್ಲಿ. ಕ್ರಿಯೆಗೆ ಎಬೆಲ್‌ಮೆನ್ ಹೆಸರಿಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಬಹುಮಾನದ ಹಣ ಹಂಚಿದ ಯೂರಿ ಇದಕ್ಕೆ ಬೇಡ ಎನ್ನುವವರಾಗಿ ಕಾಣುವುದಿಲ್ಲ.

ಈಗ ನಮ್ಮ ಕಡೆಗೆ. ಮಹಾರಾಷ್ಟ್ರದಿಂದ ವಿಜಯಪುರ, ಬೀದರ, ಕಲಬುರಗಿ, ಬೆಳಗಾವಿಯ ಭಾಗಗಳವರೆಗೆ ಹರಡಿರುವ ಕಪ್ಪು ಕಲ್ಲು ದಖನ್ ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿ ಹರಿದ ಲಾವಾ. ಸಿಲಿಕೇಟ್ ಕಲ್ಲುಗಳಲ್ಲಿ ಬೇಗ ಕರಗುವುದು ಬಸಾಲ್ಟ್. ಜಗತ್ತಿನ ನೆಲದಲ್ಲಿ ಅದರ ಪಾಲು ಶೇಕಡಾ 5ರ ಆಸುಪಾಸು. ಆದರೆ ಸಿಲಿಕೇಟ್ ಕಲ್ಲುಗಳು ಗಾಳಿಯಿಂದ ಎಳೆದುಕೊಳ್ಳುವ ಇಂಗಾಲದಲ್ಲಿ ಸುಮಾರು ಮೂರನೇ ಒಂದು ಪಾಲು ಬಸಾಲ್ಟಿನದೇ ಎಂದು ಅಂದಾಜು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಕೃಷ್ಣೆ ಮತ್ತು ಅದರ ಉಪನದಿಗಳ, ಪಶ್ಚಿಮ ಘಟ್ಟದ ಹೊಳೆಗಳ ನೀರನ್ನು ತುಂಬಿ ಒಯ್ದು ಅಳೆದು 2005ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಆ ಕಲ್ಲು ಸವೆದು ಉಳಿದದ್ದೇ ನಮ್ಮ ಎರೆಮಣ್ಣು. ಎರೆಹೊಲ ಅಗೆದಾಗ ಸಿಗುವ ಬಿಳಿ ಸುಣ್ಣದ ಹರಳುಗಳು ಸಮುದ್ರದವರೆಗೆ ಹೋಗದೆ ದಾರಿಯಲ್ಲೇ ಕೂತ ಕಾರ್ಬೊನೇಟ್. ಶಾಲೆಯ ಪ್ರಯೋಗಾಲಯದಲ್ಲಿ ಅದರ ಮೇಲೆ ಎರಡು ಹನಿ ಸಾರರಿಕ್ತ ಹೈಡ್ರೊಕ್ಲೋರಿಕ್ ಆಮ್ಲ ಹಾಕಿದರೆ ಚುರ್ ಎಂದು ನೊರೆ ಬರುತ್ತದೆ. ಯಾವುದೋ ಕಾಲದ ಗಾಳಿಯ ಇಂಗಾಲ ಮತ್ತೆ ಗಾಳಿಗೆ ಹೋಗುವುದು ಹಾಗೆ. ಸುಣ್ಣದ ಭಟ್ಟಿಯಲ್ಲೂ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲೂ ನಡೆಯುವುದು ಇದೇ, ಯೂರಿ ಕ್ರಿಯೆಯನ್ನು ಬೆಂಕಿ ಹಾಕಿ ಹಿಂದಕ್ಕೆ ತಿರುಗಿಸುವ ಕೆಲಸ. (ಆ ಭಾಗದ ಸುಣ್ಣದ ಕಲ್ಲು, ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿ ಕಲ್ಲು ಸೇರಿ, ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಮೊದಲಿನದು. ಹಾಗಾಗಿ ಅದರಲ್ಲಿ ಶಂಖ ಹುಡುಕಬೇಡಿ.)

ಯೂರಿಯ ಕಥೆ ಇನ್ನೂ ಇದೆ. ಅದೇ ಶಿಕಾಗೋದಲ್ಲಿ 1952ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ವಿದ್ಯಾರ್ಥಿ ಬಂದು, ಭೂಮಿಯ ಆದಿಕಾಲದ ಗಾಳಿಯಲ್ಲಿ ಮಿಂಚು ಹೊಡೆದರೆ ಏನಾಗುತ್ತದೆ ಎಂದು ಪ್ರಯೋಗ ಮಾಡಿ ನೋಡುತ್ತೇನೆ ಎಂದ. ಪಿಎಚ್.ಡಿ.ಗೆ ಇದು ಅಪಾಯದ ವಿಷಯ, ಫಲಿತಾಂಶ ಬರದೇ ಹೋದರೆ ಹುಡುಗನ ವರ್ಷಗಳು ಹಾಳು ಎಂದು ಯೂರಿ ಮೊದಲು ಒಪ್ಪಲಿಲ್ಲ. ಕೊನೆಗೆ ಒಂದಿಷ್ಟು ತಿಂಗಳ ಗಡುವು ಕೊಟ್ಟರು. ಮೀಥೇನ್, ಅಮೋನಿಯಾ, ಜಲಜನಕ, ನೀರಾವಿ ತುಂಬಿದ ಗಾಜಿನ ಬುರುಡೆಯಲ್ಲಿ ಕಿಡಿ ಹಾರಿಸಿದಾಗ ಕೆಲವೇ ದಿನಗಳಲ್ಲಿ ಅಮೈನೋ ಆಮ್ಲಗಳು ಸಿಕ್ಕವು. 1953ರ ಮೇ ತಿಂಗಳಲ್ಲಿ ಲೇಖನ ಅಚ್ಚಾಯಿತು, ಲೇಖಕರ ಜಾಗದಲ್ಲಿ ಮಿಲ್ಲರ್ ಹೆಸರೊಂದೇ. ತಮ್ಮ ಹೆಸರಿದ್ದರೆ ಹುಡುಗನಿಗೆ ಮನ್ನಣೆ ಸಿಗುವುದಿಲ್ಲವೆಂದು ಯೂರಿ ಅದನ್ನು ತೆಗೆಸಿದ್ದರು. ಪಿಎಚ್.ಡಿ. ಮಾಡಿದ ಗೆಳೆಯರನ್ನು ಕೇಳಿದರೆ ಇದು ಎಷ್ಟು ಅಪರೂಪ ಎಂದು ಹೇಳುತ್ತಾರೆ. ಆದಿಕಾಲದ ಗಾಳಿ ಯೂರಿ ಊಹಿಸಿದಂತೆ ಮೀಥೇನ್, ಅಮೋನಿಯಾದಿಂದ ತುಂಬಿರಲಿಲ್ಲ, ಸಾರಜನಕ ಮತ್ತು ಇಂಗಾಲದ ಡೈಆಕ್ಸೈಡೇ ಹೆಚ್ಚಿತ್ತು ಎಂದು ಈಗ ಹಲವರ ಅಭಿಪ್ರಾಯ.

1958ರಲ್ಲಿ, ಅರವತ್ತೈದನೇ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯಾದ ಲಾ ಹೊಯಾ ಎಂಬ ಕಡಲೂರಿಗೆ ಹೋಗಿ ಅಲ್ಲಿ ಹೊಸ ವಿಶ್ವವಿದ್ಯಾಲಯ ಕಟ್ಟುವುದಕ್ಕೆ ಕೈಹಾಕಿದರು. ಅದೇ ಊರಿನ ಸ್ಕ್ರಿಪ್ಸ್ ಸಾಗರ ಸಂಸ್ಥೆಯ ಚಾರ್ಲ್ಸ್ ಕೀಲಿಂಗ್ ಅದೇ ವರ್ಷ ಹವಾಯಿಯ ಬೆಟ್ಟದ ಮೇಲೆ ಗಾಳಿಯ ಇಂಗಾಲದ ಡೈಆಕ್ಸೈಡ್ ಅಳೆಯಲು ಶುರುಮಾಡಿದರು. ಆಗ ಹತ್ತು ಲಕ್ಷಕ್ಕೆ 315ರ ಆಸುಪಾಸು ಇತ್ತು. ಈಗ 420 ದಾಟಿದೆ.

ಚಂದ್ರನ ಮೇಲೆ ಯೂರಿಗೆ ಬಹಳ ಮೋಹ. ಅಲ್ಲಿಗೆ ಮನುಷ್ಯರನ್ನು ಕಳಿಸಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಚಂದ್ರ ಎಂದೂ ಕರಗದ, ಸೌರವ್ಯೂಹ ಹುಟ್ಟಿದಾಗಿನ ತಣ್ಣನೆಯ ಹಳೆಯ ಗುಂಡು ಎಂಬುದು ಅವರ ವಾದ. 1969ರಲ್ಲಿ ಅಪೊಲೊ 11 ಸುಮಾರು 22 ಕೆ.ಜಿ. ಕಲ್ಲು ಮಣ್ಣು ತಂದಿತು. ನೋಡಿದರೆ ಅದರಲ್ಲಿ ಬಸಾಲ್ಟ್! ಅಂದರೆ ಚಂದ್ರನಲ್ಲೂ ಲಾವಾ ಹರಿದಿತ್ತು. ಎಪ್ಪತ್ತಾರು ವರ್ಷದ ಯೂರಿ ತಮ್ಮ ವಾದ ತಪ್ಪೆಂದು ಒಪ್ಪಿಕೊಂಡರು. ಆ ಬಸಾಲ್ಟ್ 350 ಕೋಟಿ ವರ್ಷಕ್ಕೂ ಹಳೆಯದು, ಆದರೂ ನೀರಿನಿಂದ ಸವೆದ ಗುರುತಿಲ್ಲ, ಜೇಡಿಮಣ್ಣಿಲ್ಲ, ಸುಣ್ಣದ ಹರಳಿಲ್ಲ. ನಮ್ಮ 6.6 ಕೋಟಿ ವರ್ಷದ ಬಸಾಲ್ಟ್ ಆಳುದ್ದ ಎರೆಮಣ್ಣಾಗಿದೆ. ನೀರು ಬೇಕೇ ಬೇಕು ಎಂದು ಅವರು 1952ರಲ್ಲಿ ಬರೆದದ್ದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾರೂ ಮಾಡಲಾರರು.

ಯೂರಿ 1981ರ ಜನವರಿ 5ರಂದು, ಎಂಬತ್ತೇಳನೇ ವಯಸ್ಸಿನಲ್ಲಿ ಲಾ ಹೊಯಾದಲ್ಲಿ ತೀರಿಕೊಂಡರು. ದೇಹವನ್ನು ಇಂಡಿಯಾನಾಕ್ಕೆ ಒಯ್ದು ಡಿಕಾಲ್ಬ್ ಕೌಂಟಿಯ ಹಳ್ಳಿಗಾಡಿನ ಸ್ಮಶಾನದಲ್ಲಿ ಹೂಳಲಾಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳ ಲೇಖನ ಬಂತು. ಯೂರಿ ತಮ್ಮ ಕ್ರಿಯೆಯನ್ನು ಒಂದು ಸಮತೋಲನದ ಸ್ಥಿತಿಯೆಂದು ಭಾವಿಸಿದ್ದರು, ತಕ್ಕಡಿ ನಿಂತಂತೆ. ಈ ಮೂವರು ಅದನ್ನು ವೇಗದ ಲೆಕ್ಕವಾಗಿ ಬದಲಿಸಿದರು. ಜ್ವಾಲಾಮುಖಿಗಳಿಂದ ಇಂಗಾಲ ಹೆಚ್ಚು ಬಂದರೆ ಭೂಮಿ ಬಿಸಿಯಾಗುತ್ತದೆ. ಬಿಸಿಯಾದರೆ ಮಳೆ ಹೆಚ್ಚುತ್ತದೆ, ಕಲ್ಲು ಬೇಗ ಕರಗುತ್ತದೆ, ನದಿಗಳು ಹೆಚ್ಚು ಬೈಕಾರ್ಬೊನೇಟ್ ಒಯ್ಯುತ್ತವೆ. ಗಾಳಿಯ ಇಂಗಾಲ ಇಳಿದು ಭೂಮಿ ತಣ್ಣಗಾಗುತ್ತದೆ, ಆಗ ಕಲ್ಲು ಕರಗುವುದೂ ನಿಧಾನವಾಗುತ್ತದೆ. ಕಾದಾಗ ತಾನೇ ಆಫ್ ಆಗಿ, ಆರಿದಾಗ ತಾನೇ ಆನ್ ಆಗುವ ಇಸ್ತ್ರಿ ಪೆಟ್ಟಿಗೆಯ ಹಾಗೆ. ನಮ್ಮ ಕೆಲಸದಲ್ಲಿ ಇದಕ್ಕೆ ಫೀಡ್‌ಬ್ಯಾಕ್ ಲೂಪ್ ಎನ್ನುತ್ತೇವೆ, ಮಿಲಿಸೆಕೆಂಡುಗಳಲ್ಲಿ ಅಳೆಯುತ್ತೇವೆ. ಭೂಮಿಯ ಲೂಪ್ ಒಂದು ಸುತ್ತು ಬರಲು ಲಕ್ಷಾಂತರ ವರ್ಷ ಬೇಕು. ಸುಮಾರು 5.6 ಕೋಟಿ ವರ್ಷದ ಹಿಂದೆ ಗಾಳಿಗೆ ಒಮ್ಮೆಲೇ ಇಂಗಾಲ ಸೇರಿ ಭೂಮಿ ಬಿಸಿಯಾಗಿತ್ತು. ಹಳೆಯ ಸ್ಥಿತಿಗೆ ಬರಲು ಒಂದು ಲಕ್ಷ ವರ್ಷಕ್ಕಿಂತ ಹೆಚ್ಚು ಹಿಡಿಯಿತು. ಅದನ್ನು ತಿಳಿಸಿದ್ದು ಸಮುದ್ರದ ತಳದ ಚಿಪ್ಪುಗಳು, ಅಳೆದದ್ದು ಯೂರಿ ತೋರಿಸಿದ ವಿಧಾನದಿಂದ.

ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ ಬಿಡು ಎನ್ನುವವರು ಊರಲ್ಲೂ ಇದ್ದಾರೆ, ಆಫೀಸಿನಲ್ಲೂ ಇದ್ದಾರೆ. ಅವರ ಮಾತು ಸುಳ್ಳಲ್ಲ, ಅವಧಿ ಮಾತ್ರ ಹೇಳುವುದಿಲ್ಲ. ಜಗತ್ತಿನ ಎಲ್ಲ ಜ್ವಾಲಾಮುಖಿಗಳು ಸೇರಿ ವರ್ಷಕ್ಕೆ ಕೊಡುವ ಇಂಗಾಲದ ಡೈಆಕ್ಸೈಡ್ 50 ಕೋಟಿ ಟನ್ನಿಗೂ ಕಡಿಮೆ ಎಂದು ಅಂದಾಜು, ಕಲ್ಲು ನದಿಗಳು ಹೂಳುವುದೂ ಹೆಚ್ಚುಕಡಿಮೆ ಅಷ್ಟೇ. ಕಲ್ಲಿದ್ದಲು, ಎಣ್ಣೆ, ಅನಿಲ, ಸಿಮೆಂಟಿನಿಂದ ನಾವು ಬಿಡುವುದು ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಕೃಷ್ಣೆ, ಗೋದಾವರಿ, ಗಂಗೆ, ಅಮೆಜಾನ್ ಎಲ್ಲ ಸೇರಿದರೂ ಈ ವೇಗಕ್ಕೆ ಸಾಟಿಯಿಲ್ಲ.

ಆದ್ದರಿಂದ ಕಲ್ಲಿನ ಕೆಲಸವನ್ನು ಬೇಗ ಮಾಡಿಸಬಹುದೇ ಎಂದು ಈಗ ನೋಡುತ್ತಿದ್ದಾರೆ. ಬಸಾಲ್ಟನ್ನು ನುಣ್ಣಗೆ ಪುಡಿಮಾಡಿ ಹೊಲಕ್ಕೆ ಎರಚುವ ಪ್ರಯೋಗಗಳು ಹಲವು ದೇಶಗಳಲ್ಲಿ, ಭಾರತದಲ್ಲೂ ನಡೆದಿವೆ. ಗಟ್ಟಿ ಬಂಡೆಗಿಂತ ಪುಡಿ ಬೇಗ ಕರಗುತ್ತದೆ, ಬೆಳೆಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಗುತ್ತದೆ, ಹುಳಿ ಮಣ್ಣಿನ ಹುಳಿ ತಗ್ಗುತ್ತದೆ. ನಮ್ಮ ಎರೆಮಣ್ಣು ಬಸಾಲ್ಟಿನಿಂದಲೇ ಆದದ್ದು, ಅದರಲ್ಲಿ ಸುಣ್ಣ ಮೊದಲೇ ಇದೆ, ಇಲ್ಲಿ ಎರಚಿದರೆ ಹೆಚ್ಚಿನ ಲಾಭ ಕಾಣುವುದು ಕಷ್ಟ. ಮಳೆ ಜೋರಾಗಿ ಬಿದ್ದು ಮಣ್ಣು ಹುಳಿಯಾಗಿರುವ ಮಲೆನಾಡು, ಕರಾವಳಿಗೆ ಹೊಂದಬಹುದು. ಕ್ರಷರಿನ ಕರೆಂಟು, ಲಾರಿಯ ಡೀಸೆಲ್ಲು ಎಷ್ಟು ಇಂಗಾಲ ಬಿಟ್ಟವು ಎಂಬುದನ್ನು ಮೊದಲು ಕಳೆದು ಆಮೇಲೆ ಲಾಭ ಬರೆಯಬೇಕು. ಹೊಲದಿಂದ ಇಳಿದ ನೀರನ್ನು ಹಳ್ಳದಲ್ಲಿ, ನದಿಯಲ್ಲಿ ವರ್ಷಗಟ್ಟಲೆ ತುಂಬಿ ತಂದು ಬೈಕಾರ್ಬೊನೇಟ್ ಅಳೆಯಬೇಕು, ಅದು ಯಾವ ಕಲ್ಲಿನಿಂದ ಬಂತು ಎಂದು ಬಿಡಿಸಬೇಕು. ಆ ಅಳತೆ ಇನ್ನೂ ನಡೆಯುತ್ತಿದೆ.